ಬಿತ್ತನೆ ಬೀಜಕ್ಕೆ ಸೊಪ್ಪಿನ ಕಾವಲು

ದಾಳಿಂಬೆ, ಬಳ್ಳಾರಿ ಜಾಲಿ, ಮಾಕಳಿ ಬೇರು: ಬೂಷ್ಟನ್ನು ತಡೆಯುವ ಶಕ್ತಿ ನಮ್ಮ ಸುತ್ತಲಿನ ಗಿಡಗಳಲ್ಲೇ ಇದೆ ಎನ್ನುತ್ತದೆ ಪ್ರಯೋಗಾಲಯ. ಆ ಶಕ್ತಿ ರೈತನ ಚೀಲದವರೆಗೆ ಬರಬೇಕಾದರೆ ಏನೇನು ಆಗಬೇಕು?

ಮುಂಗಾರಿನ ಶೇಂಗಾವನ್ನು ಚಳ್ಳಕೆರೆ, ಪಾವಗಡದ ಸೀಮೆಯಲ್ಲಿ ಕೀಳುವುದು ದಸರೆ, ದೀಪಾವಳಿಯ ಆಸುಪಾಸಿನಲ್ಲಿ. ಅದರಲ್ಲಿ ಬೀಜಕ್ಕೆಂದು ಎತ್ತಿಟ್ಟದ್ದು ಮತ್ತೆ ಮಣ್ಣು ಕಾಣುವುದು ಮುಂದಿನ ವರ್ಷದ ಮಳೆಗೆ. ನಡುವಿನ ಏಳೆಂಟು ತಿಂಗಳು ಅದು ಚೀಲದೊಳಗೆ ಕಾಯಬೇಕು. ಆ ಅವಧಿಯಲ್ಲಿ ಚಳಿಗಾಲದ ಇಬ್ಬನಿ, ಬೇಸಿಗೆಯ ಬೇಗೆ, ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಎಲ್ಲವೂ ಬಂದುಹೋಗುತ್ತವೆ. ಹೊರಗಿನಿಂದ ನೋಡಿದರೆ ಬೀಜ ಸುಮ್ಮನೆ ಬಿದ್ದಿರುತ್ತದೆ. ಒಳಗೆ ಮಾತ್ರ ಜೀವವಿದೆ. ಮೆಲ್ಲಗೆ ಉಸಿರಾಡುತ್ತಾ, ಕೂಡಿಟ್ಟ ಎಣ್ಣೆಯನ್ನೂ ಪಿಷ್ಟವನ್ನೂ ಚೂರುಚೂರೇ ಖರ್ಚು ಮಾಡುತ್ತಿರುತ್ತದೆ. ಅದೇ ಎಣ್ಣೆ, ಅದೇ ಪಿಷ್ಟದ ಮೇಲೆ ಕಣ್ಣಿಟ್ಟ ಇನ್ನೊಂದು ಜೀವವೂ ಆ ಚೀಲದಲ್ಲೇ ಹೊಂಚು ಹಾಕಿರುತ್ತದೆ. ಅದು ಬೂಷ್ಟು.

ಬೂಷ್ಟಿಗೆ ಮದ್ದಾಗಿ ಸೊಪ್ಪು, ಬೇರು, ತೊಗಟೆಗಳ ಸಾರವನ್ನು ಬಳಸಬಹುದೇ ಎಂಬ ಹುಡುಕಾಟ ಹಲವು ದಶಕಗಳಿಂದ ನಡೆದಿದೆ. ಭಾರತದ ವಿಶ್ವವಿದ್ಯಾನಿಲಯಗಳು, ಅದರಲ್ಲೂ ಮೈಸೂರಿನ ಸಂಶೋಧಕರು, ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದಾರೆ. ಸೊಪ್ಪಿಗೆ ಬೂಷ್ಟು ತಡೆಯುವ ಗುಣವಿರುವುದು ನಿಜ. ಆದರೆ ಆ ಗುಣ ಚೆನ್ನಾಗಿ ಒಣಗಿದ ಬೀಜದ ಮೇಲಷ್ಟೇ ಫಲ ಕೊಡುತ್ತದೆ. ಹಸಿ ಬೀಜವನ್ನು ಉಳಿಸಿಕೊಡುವ ಸೊಪ್ಪು ಯಾವುದೂ ಇಲ್ಲ. ಈ ಷರತ್ತನ್ನು ಮರೆತು ಸೊಪ್ಪನ್ನು ಹೊಗಳಿದರೂ ತಪ್ಪು, ಷರತ್ತಿದೆಯೆಂದು ತಳ್ಳಿಹಾಕಿದರೂ ತಪ್ಪು.

ಹೊಲದ ಬೂಷ್ಟು, ಉಗ್ರಾಣದ ಬೂಷ್ಟು

ಬೀಜಕ್ಕೆ ಅಂಟುವ ಶಿಲೀಂಧ್ರಗಳನ್ನು ವಿಜ್ಞಾನಿಗಳು ಎರಡು ಗುಂಪು ಮಾಡುತ್ತಾರೆ. ಈ ವಿಂಗಡಣೆಗೆ ಗಟ್ಟಿ ನೆಲೆ ಒದಗಿಸಿದವರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಕ್ಲೈಡ್ ಕ್ರಿಸ್ಟೆನ್ಸನ್ ಪ್ರಮುಖರು. ಆಲ್ಟರ್ನೇರಿಯಾ, ಕರ್ವುಲೇರಿಯಾ, ಫ್ಯುಸೇರಿಯಂನಂಥವು ಹೊಲದ ಶಿಲೀಂಧ್ರಗಳು. ತೆನೆ ಇನ್ನೂ ಪೈರಿನಲ್ಲಿರುವಾಗಲೇ ಕಾಳಿನೊಳಗೆ ಹೊಕ್ಕುತ್ತವೆ. ಅವುಗಳಿಗೆ ಬಹಳ ತೇವ ಬೇಕು. ಕಾಳು ಒಣಗಿದ ಮೇಲೆ ಅವುಗಳ ಆಟ ನಿಲ್ಲುತ್ತದೆ. ಉಗ್ರಾಣದ ಶಿಲೀಂಧ್ರಗಳೆಂದರೆ ಮುಖ್ಯವಾಗಿ ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ. ಇವಕ್ಕೆ ನೀರಿನ ಹನಿಯೂ ಬೇಡ. ಕಾಳಿನ ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 65–70 ದಾಟಿದರೆ ಇವುಗಳಲ್ಲಿ ಗಟ್ಟಿಗರು ಚಿಗುರುತ್ತಾರೆ.

ಇಲ್ಲೊಂದು ಸರಪಳಿ ಇದೆ. ಏಕದಳ ಕಾಳುಗಳಲ್ಲಿ ತೇವಾಂಶ ಶೇ 14ರ ಸುತ್ತ ಬಂದಾಗ ಆಸ್ಪರ್ಜಿಲಸ್ ಗ್ಲಾಕಸ್ ಗುಂಪಿನವು ಮೊದಲು ಏಳುತ್ತವೆ. ಅವು ಉಸಿರಾಡಿದಂತೆ ನೀರಾವಿಯೂ ಶಾಖವೂ ಹುಟ್ಟುತ್ತವೆ. ಆ ನೀರಾವಿಯಿಂದ ಕಾಳು ಇನ್ನಷ್ಟು ತೇವವಾಗಿ, ಹೆಚ್ಚು ತೇವ ಬೇಡುವ ಮುಂದಿನ ಜಾತಿಗೆ ದಾರಿಯಾಗುತ್ತದೆ. ಶೇ 17–18 ಮುಟ್ಟುವ ಹೊತ್ತಿಗೆ ಎಲ್ಲರಿಗಿಂತ ಕೆಟ್ಟ ಹೆಸರಿನ ಆಸ್ಪರ್ಜಿಲಸ್ ಫ್ಲೇವಸ್ ಹಾಜರು. ರಾಶಿಯೊಳಗೆ ಕೈ ತೂರಿದಾಗ ಬಿಸಿ ಹತ್ತುತ್ತದಲ್ಲ, ಅದರ ಹಿಂದೆ ಇರುವುದು ಇದೇ ಸರಪಳಿ.

ಒಣ ಚೀಲಕ್ಕೆ ತೇವ ಎಲ್ಲಿಂದ ಬರುತ್ತದೆ? ನೆಲದಿಂದ, ಗೋಡೆಯಿಂದ, ಮಳೆಗಾಲದ ಗಾಳಿಯಿಂದ. ಹಗಲು–ರಾತ್ರಿಯ ಶಾಖದ ಏರಿಳಿತದಿಂದ ರಾಶಿಯ ಬೆಚ್ಚಗಿನ ಭಾಗದ ಆವಿ ತಣ್ಣನೆಯ ಕಡೆಗೆ ಸರಿದು ಅಲ್ಲಿ ಹನಿಗಟ್ಟುವುದೂ ಉಂಟು. ನುಸಿ, ಹುಳುಗಳೂ ಉಸಿರಾಡಿ ತೇವ ಬಿಡುತ್ತವೆ, ಸಿಪ್ಪೆ ಕೊರೆದು ಬೂಷ್ಟಿಗೆ ಬಾಗಿಲು ತೆರೆಯುತ್ತವೆ, ಮೈಗೆ ಬೀಜಕಣ ಅಂಟಿಸಿಕೊಂಡು ಚೀಲದ ತುಂಬ ಹಂಚುತ್ತವೆ.

ಬೀಜ ಪ್ರಮಾಣೀಕರಣದ ನಿಯಮಗಳು ತೇವಾಂಶಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿರುವುದು ಈ ಕಾರಣಕ್ಕೆ. ಸಾಮಾನ್ಯ ಚೀಲದಲ್ಲಿ ಇಡುವ ಭತ್ತಕ್ಕೆ ಶೇ 13, ರಾಗಿಗೆ 12, ಶೇಂಗಾ ಕಾಯಿಗೆ 9. ಶೇಂಗಾಕ್ಕೆ ಇಷ್ಟು ಕಡಿಮೆ ಏಕೆಂದರೆ ಎಣ್ಣೆ ನೀರನ್ನು ಹಿಡಿದಿಡುವುದಿಲ್ಲ. ಇರುವ ನೀರೆಲ್ಲ ಎಣ್ಣೆಯಲ್ಲದ ಭಾಗದಲ್ಲೇ ಸೇರಿಕೊಳ್ಳುವುದರಿಂದ ತೂಕದ ಲೆಕ್ಕದಲ್ಲಿ ಕಡಿಮೆ ಕಂಡರೂ ಬೂಷ್ಟಿಗೆ ಸಾಕಾಗಿಬಿಡುತ್ತದೆ. ಬೀಜ ಶರೀರಶಾಸ್ತ್ರಜ್ಞ ಜೇಮ್ಸ್ ಹ್ಯಾರಿಂಗ್ಟನ್ ಕೊಟ್ಟ ಸರಳ ಸೂತ್ರವೊಂದಿದೆ: ಶೇ 5ರಿಂದ 14ರ ನಡುವೆ ತೇವಾಂಶ ಶೇ 1ರಷ್ಟು ಇಳಿದಂತೆಲ್ಲ ಬೀಜದ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಬಲವಾದ ಮದ್ದು ಬೇರೊಂದಿಲ್ಲ. ಸೊಪ್ಪಿನ ಮಾತು ಶುರುವಾಗಬೇಕಾದದ್ದು ಇದರ ನಂತರ.

ಮೊಳಕೆಯ ನಷ್ಟ, ವಿಷದ ಅಪಾಯ

ಉಗ್ರಾಣದ ಬೂಷ್ಟು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಮೊಳಕೆಯ ಕಣ್ಣಿಗೆ. ಕಾಳು ಹೊರಗಿನಿಂದ ಸರಿಯಾಗಿಯೇ ಕಾಣುತ್ತಿರುತ್ತದೆ, ಬಿತ್ತಿದರೆ ಏಳುವುದಿಲ್ಲ. ಸ್ವಲ್ಪ ಮುಂದುವರಿದರೆ ಬಣ್ಣ ಮಾಸುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಎಣ್ಣೆ ಕಮಟುತ್ತದೆ. ಶೇಂಗಾದ ಮೇಲೆ ಕೂತ ಕಪ್ಪು ಬೂಷ್ಟು, ಆಸ್ಪರ್ಜಿಲಸ್ ನೈಗರ್, ಬಿತ್ತಿದ ಮೇಲೂ ಬಿಡುವುದಿಲ್ಲ. ಎಳೆ ಸಸಿಯ ಬುಡ ಕೊಳೆಸಿ ಸಾಲಿನ ನಡುವೆ ಖಾಲಿ ಜಾಗ ಮಾಡುತ್ತದೆ. ಆಗ ರೈತ ಮಳೆಯನ್ನೋ ಬೀಜ ಕೊಟ್ಟವನನ್ನೋ ದೂರುತ್ತಾನೆ.

ಇದು ಬಿತ್ತನೆಯ ನಷ್ಟ. ಅದೇ ರಾಶಿ ಊಟಕ್ಕೆ ಹೋದರೆ ಲೆಕ್ಕ ಬೇರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೇವಿನಲ್ಲಿದ್ದ ಬ್ರೆಜಿಲ್‌ನ ಶೇಂಗಾ ಹಿಂಡಿ, ಅದರಲ್ಲಿದ್ದ ಆಸ್ಪರ್ಜಿಲಸ್ ಫ್ಲೇವಸ್, ಅದು ಸ್ರವಿಸಿದ ಅಫ್ಲಾಟಾಕ್ಸಿನ್. 1974ರ ಕೊನೆಯಲ್ಲಿ ರಾಜಸ್ಥಾನದ ಬಾಂಸ್ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆಂದ ಮೆಕ್ಕೆಜೋಳ ಉಂಡವರಿಗೆ ಕಾಮಾಲೆ ಕಾಣಿಸಿತು. ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳದಿಂದ ಹೊಟ್ಟೆನೋವು, ಭೇದಿ ಹಬ್ಬಿತು; ಅಲ್ಲಿ ಪತ್ತೆಯಾದದ್ದು ಫ್ಯುಸೇರಿಯಂ ಹುಟ್ಟಿಸುವ ಫ್ಯುಮೊನಿಸಿನ್. ಅಫ್ಲಾಟಾಕ್ಸಿನ್ ಬಿ1 ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿರುವ ವಸ್ತುಗಳ ಪಟ್ಟಿಯಲ್ಲಿದೆ. ಮನೆಯ ಒಲೆಯ ಶಾಖಕ್ಕೆ ಅದು ಜಗ್ಗುವುದಿಲ್ಲ. ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ.

ಬಣ್ಣ ಹಚ್ಚಿದ ಬೀಜದ ಇಕ್ಕಟ್ಟು

ಇದಕ್ಕೆಲ್ಲ ಇಪ್ಪತ್ತನೆಯ ಶತಮಾನ ಕಂಡುಕೊಂಡ ಉತ್ತರ ರಾಸಾಯನಿಕ ಬೀಜೋಪಚಾರ. ಮೊದಲು ಪಾದರಸದ ಸಂಯುಕ್ತಗಳು ಬಂದವು. ಅಗ್ಗ, ಪರಿಣಾಮಕಾರಿ, ಮಾರಕ. 1971ರಲ್ಲಿ ಬರದಿಂದ ಕಂಗೆಟ್ಟಿದ್ದ ಇರಾಕಿಗೆ ಬಿತ್ತನೆಗೆಂದು ಮೀಥೈಲ್ ಪಾದರಸ ಹಚ್ಚಿದ ಗೋಧಿ ಬಂತು. ಎಚ್ಚರಿಕೆ ಸೂಚಿಸಲು ಕೆಂಪು ಬಣ್ಣ ಬಳಿದಿದ್ದರು. ಕೆಲವು ಚೀಲಗಳ ಮೇಲಿನ ಬರಹ ಸ್ಪ್ಯಾನಿಷ್ ಭಾಷೆಯಲ್ಲಿತ್ತು. ತೊಳೆದಾಗ ಬಣ್ಣ ಹೋಯಿತು, ವಿಷವೂ ಹೋಯಿತೆಂದು ಜನ ನಂಬಿದರು, ರೊಟ್ಟಿ ಮಾಡಿ ಉಂಡರು. ಆಸ್ಪತ್ರೆಗೆ ಸೇರಿದವರು 6,530 ಮಂದಿ. ಆಸ್ಪತ್ರೆಯಲ್ಲೇ ಸತ್ತವರು 459.

ಪಾದರಸದ ಜಾಗಕ್ಕೆ ಬಂದ ಥೈರಾಮ್, ಕ್ಯಾಪ್ಟಾನ್, ಕಾರ್ಬೆಂಡಜಿಮ್ ಅಷ್ಟು ಘೋರವಲ್ಲ. ಒಂದು ಕಿಲೋ ಬೀಜಕ್ಕೆ ಎರಡು–ಮೂರು ಗ್ರಾಂ ಸಾಕು, ಕೆಲಸವೂ ಖಾತ್ರಿ. ಆದರೂ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಷೇಧಿಸಲು ಯೋಚಿಸಿದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲಿ ಈ ಮೂರೂ ಇದ್ದವು. ಈ ಮೂರರ ನಿಷೇಧ ಮುಂದುವರಿಯದಿದ್ದರೂ ಅವುಗಳ ಬಗೆಗಿನ ಆತಂಕ ಅಧಿಕೃತ ದಾಖಲೆಗೇ ಬಂದಂತಾಯಿತು.

ಸಣ್ಣ ರೈತನಿಗೆ ಇರುವ ತೊಡಕು ಇನ್ನೂ ಸರಳವಾದದ್ದು. ಮನೆಯಲ್ಲಿ ಇಟ್ಟ ಕಾಳಿನಲ್ಲಿ ಎಷ್ಟು ಬಿತ್ತನೆಗೆ, ಎಷ್ಟು ಊಟಕ್ಕೆ ಎಂಬುದು ಮಳೆ ಬಂದ ಮೇಲೆಯೇ ತೀರ್ಮಾನ. ಮದ್ದು ಹಚ್ಚಿದ ಬೀಜ ಮಿಕ್ಕಿದರೆ ಉಣ್ಣುವಂತಿಲ್ಲ, ಮಾರುವಂತಿಲ್ಲ, ದನಕ್ಕೂ ಹಾಕುವಂತಿಲ್ಲ. ಹಾಗಾಗಿ ಹಲವರು ಮದ್ದನ್ನು ಬಿತ್ತುವ ಹಿಂದಿನ ದಿನ ಹಚ್ಚುತ್ತಾರೆ. ಅದು ಮಣ್ಣಿನಲ್ಲಿ ಸಸಿಯನ್ನು ಕಾಯುತ್ತದೆ, ಏಳೆಂಟು ತಿಂಗಳು ಚೀಲದಲ್ಲಿ ಕಾಳನ್ನು ಕಾಯಲು ಯಾರೂ ಇರುವುದಿಲ್ಲ. ಗಿಡಮೂಲದ ಮದ್ದಿಗೆ ನಿಜವಾದ ಅವಕಾಶ ಇರುವುದು ಈ ಖಾಲಿ ಜಾಗದಲ್ಲಿ.

ಹಗೇವು, ಹೊಗೆ, ಲಕ್ಕಿ ಸೊಪ್ಪು

ಹಿಂದಿನವರು ಏನು ಮಾಡುತ್ತಿದ್ದರು ಎಂದು ನೋಡಿದರೆ ಅವರ ಮದ್ದಿಗಿಂತ ಮೊದಲು ಅವರ ಒಣಗಿಸುವಿಕೆ ಕಣ್ಣಿಗೆ ಬೀಳುತ್ತದೆ. ಬಯಲುಸೀಮೆಯಲ್ಲಿ ಉಣ್ಣುವ ರಾಗಿ, ಜೋಳ ನೆಲದಡಿಯ ಹಗೇವಿಗೆ ಇಳಿಯುತ್ತಿತ್ತು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗಿನ ಆಮ್ಲಜನಕ ಕಾಳಿನ ಉಸಿರಿಗೇ ಖರ್ಚಾಗಿ ಇಂಗಾಲದ ಡೈ ಆಕ್ಸೈಡ್ ತುಂಬುತ್ತಿತ್ತು. ಹುಳುವಿಗೂ ಬೂಷ್ಟಿಗೂ ಉಸಿರು ಸಿಗುತ್ತಿರಲಿಲ್ಲ. ಹಗೇವು ತೆರೆದ ಕೂಡಲೇ ಇಳಿಯಬಾರದು, ದೀಪ ಇಳಿಬಿಟ್ಟು ನೋಡಬೇಕು ಎಂಬ ಕಟ್ಟಳೆ ಬಂದದ್ದು ಅದರಿಂದಲೇ. ಬಿತ್ತನೆಯ ಬೀಜಕ್ಕೆ ಸಾಮಾನ್ಯವಾಗಿ ಬೇರೆ ಏರ್ಪಾಡು: ಒಳ್ಳೆಯ ತೆನೆಗಳನ್ನು ಆರಿಸಿ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕುವುದು, ಗುಡಾಣದಲ್ಲಿ ಬೂದಿಯೊಂದಿಗೆ ಇಡುವುದು, ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಕಾಳಿಗೆ ಹರಳೆಣ್ಣೆ ಸವರುವುದು. ಕರಾವಳಿಯಲ್ಲಿ ಭತ್ತವನ್ನು ಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದರು.

ಒಲೆಯ ಹೊಗೆ ಇಲ್ಲಿ ಎರಡು ಕೆಲಸ ಮಾಡುತ್ತದೆ. ಶಾಖ ತೆನೆಯನ್ನು ವರ್ಷವಿಡೀ ಒಣಗಿಸಿಡುತ್ತದೆ. ಹೊಗೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಮೇಲ್ಮೈಯಲ್ಲಿ ಕೂತು ಬೂಷ್ಟನ್ನು ದೂರವಿಡುತ್ತವೆ. ಒಂದು ಅರ್ಥದಲ್ಲಿ ನಮ್ಮ ಅಡುಗೆಮನೆಯೇ ಬಳಸುತ್ತಿದ್ದ ಸಸ್ಯಮೂಲ ಶಿಲೀಂಧ್ರನಾಶಕ ಅದು.

ಬೇವು, ಹೊಂಗೆ, ಲಕ್ಕಿ ಸೊಪ್ಪುಗಳ ವಿಚಾರದಲ್ಲಿ ಸ್ವಲ್ಪ ಎಚ್ಚರ ಬೇಕು. ಚೀಲದ ನಡುವೆ ಪದರಪದರವಾಗಿ ಹಾಕಿದ ಸೊಪ್ಪು ಮುಖ್ಯವಾಗಿ ಕಾಯುತ್ತಿದ್ದದ್ದು ಹುಳುವಿನಿಂದ. ಹುಳು ಕಡಿಮೆಯಾದರೆ ಬೂಷ್ಟೂ ಕಡಿಮೆಯಾಗುತ್ತದೆ, ಸರಿ. ಆದರೆ ಅದೇ ಸೊಪ್ಪನ್ನು ನೆರಳಲ್ಲಿ ಪೂರ್ತಿ ಒಣಗಿಸದೆ ಹಸಿಯಾಗಿಯೇ ಹಾಕಿದರೆ ಅದು ತಾನೇ ತೇವ ತಂದು ಬೂಷ್ಟಿಗೆ ಔತಣ ಕೊಡುತ್ತದೆ.

ಮಾನಸಗಂಗೋತ್ರಿಯ 52 ಗಿಡಗಳು

ಸೊಪ್ಪು ನೇರವಾಗಿ ಬೂಷ್ಟನ್ನೇ ತಡೆಯುತ್ತದೆಯೇ? ಇದನ್ನು ಪರೀಕ್ಷಿಸುವ ಕ್ರಮ ಸರಳ. ಅಗರ್ ಎಂಬ ಲೋಳೆಯಂಥ ಆಹಾರದಲ್ಲಿ ಗಿಡದ ಸಾರ ಬೆರೆಸಿ ಗಾಜಿನ ತಟ್ಟೆಗೆ ಸುರಿಯುತ್ತಾರೆ, ನಡುವೆ ಬೂಷ್ಟಿನ ಚಿಕ್ಕ ಬಿಲ್ಲೆ ಇಡುತ್ತಾರೆ. ಸಾರವಿಲ್ಲದ ತಟ್ಟೆಯಲ್ಲಿ ಅದು ಎಷ್ಟು ಹರಡಿತು, ಸಾರವಿದ್ದ ತಟ್ಟೆಯಲ್ಲಿ ಎಷ್ಟು ಎಂದು ಕೆಲವು ದಿನಗಳ ಬಳಿಕ ಅಳೆಯುತ್ತಾರೆ.

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಎಸ್. ಸತೀಶ್, ಡಿ.ಸಿ. ಮೋಹನ, ಎಂ.ಪಿ. ರಾಘವೇಂದ್ರ ಮತ್ತು ಕೆ.ಎ. ರವೀಶ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗೆಯದು. ಜೋಳ, ಮೆಕ್ಕೆಜೋಳ, ಭತ್ತದ ಬೀಜಗಳಿಂದಲೇ ಬೇರ್ಪಡಿಸಿದ ಎಂಟು ಜಾತಿಯ ಆಸ್ಪರ್ಜಿಲಸ್‌ಗಳ ಮೇಲೆ 52 ಗಿಡಗಳ ನೀರಿನ ಸಾರವನ್ನು ಅವರು ಪರೀಕ್ಷಿಸಿದರು. ಒಂದಲ್ಲ ಒಂದು ಜಾತಿಯನ್ನು ಗಮನಾರ್ಹವಾಗಿ ತಡೆದವು 12: ಗೊಬ್ಬಳಿ, ಸಪೋಟ, ದತ್ತೂರಿ, ನೆಲ್ಲಿ, ನೀಲಗಿರಿ, ಗೋರಂಟಿ, ಬಕುಳ, ಪೆಲ್ಟೊಫೋರಂ, ಉದ್ದನೆಯ ಅಶೋಕ, ಬಳ್ಳಾರಿ ಜಾಲಿ, ದಾಳಿಂಬೆ, ನೇರಳೆ. ಸಮಾಧಾನದ ಸಂಗತಿಯೆಂದರೆ ಇವುಗಳಿಗೆ ಸುಲಭವಾಗಿ ಮಣಿದದ್ದು ವಿಷ ಹುಟ್ಟಿಸುವ ಫ್ಲೇವಸ್. ಈ ಹನ್ನೆರಡನ್ನು ಬೇರೆ ಬೇರೆ ದ್ರಾವಕಗಳಲ್ಲಿ ಅದರ ಮೇಲೆ ಮತ್ತೆ ಪರೀಕ್ಷಿಸಿದಾಗ ಮೆಥನಾಲ್‌ನಲ್ಲಿ ತೆಗೆದ ಸಾರ ಹೆಚ್ಚು ಬಲಶಾಲಿಯಾಗಿತ್ತು. ಅಶೋಕದಲ್ಲಿ ಮಾತ್ರ ಪೆಟ್ರೋಲಿಯಂ ಈಥರ್‌ನ ಸಾರ ಗೆದ್ದಿತು.

ಈ ಪಟ್ಟಿಯನ್ನು ರೈತನ ಕಣ್ಣಿನಿಂದ ಓದಿದರೆ ಎರಡು ಮಾತು ಹೊಳೆಯುತ್ತವೆ. ಮೊದಲನೆಯದು, ಇವುಗಳಲ್ಲಿ ಬಹುಪಾಲು ಬೇಲಿ, ಹಿತ್ತಲು, ರಸ್ತೆಬದಿಯ ಗಿಡಗಳು. ಬಳ್ಳಾರಿ ಜಾಲಿಯನ್ನಂತೂ ಕೆರೆಯಂಗಳದಿಂದ ಕಿತ್ತುಹಾಕಲು ಜನ ಹೆಣಗುತ್ತಿದ್ದಾರೆ. ಆಡು ಕುರಿ ಅದರ ಕಾಯಿ ತಿನ್ನುತ್ತವೆ, ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆ ಸೊಪ್ಪಿನ ಆಲ್ಕಲಾಯ್ಡ್‌ಗಳು ಆಲ್ಟರ್ನೇರಿಯಾ ಬೂಷ್ಟನ್ನೂ ತಡೆಯುತ್ತವೆ ಎಂದು ಇದೇ ಬಳಗ ಮುಂದೆ ತೋರಿಸಿತು. ಪೀಡೆಯೆನಿಸಿದ ಗಿಡಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದಿದೆ? ಎರಡನೆಯದು, ಬಲವಾದ ಸಾರ ಬೇಕಾದರೆ ಮೆಥನಾಲ್ ಬೇಕು. ರೈತನ ಮನೆಯಲ್ಲಿರುವುದು ನೀರು.

ಮಾಕಳಿ ಬೇರಿನ ಕಥೆ ಇದಕ್ಕೆ ಎದುರು ದಿಕ್ಕಿನದು. ಮಜ್ಜಿಗೆಯಲ್ಲಿ ನೆನೆಸಿದ ಮಾಕಳಿ ಬೇರಿನ ಉಪ್ಪಿನಕಾಯಿಯ ಘಮ ಹಳೆಯ ಮೈಸೂರಿನವರಿಗೆ ಹೇಳಬೇಕಿಲ್ಲ. ಆ ಘಮದ ಮೂಲ 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್, ವೆನಿಲ್ಲಾದ ವೆನಿಲಿನ್‌ಗೆ ಅಣುರಚನೆಯಲ್ಲಿ ದಾಯಾದಿ. ಬೀಜ ಕೆಡಿಸುವ ಹಲವು ಶಿಲೀಂಧ್ರಗಳನ್ನು ಅದು ತಡೆಯುತ್ತದೆ ಎಂದು ಮೈಸೂರಿನ ಸಂಶೋಧಕರು ಕಂಡುಕೊಂಡರು. ತಿನ್ನುವ ವಸ್ತು, ಹಿತವಾದ ವಾಸನೆ, ಒಳ್ಳೆಯ ಪರಿಣಾಮ, ಇನ್ನೇನು ಬೇಕು? ಆದರೆ ಬೇರು ಅಗೆದರೆ ಬಳ್ಳಿ ಹೋಗುತ್ತದೆ, ಕಾಡಿನಲ್ಲಿ ಅದು ಈಗಾಗಲೇ ಅಳಿವಿನಂಚಿಗೆ ಬಂದಿದೆ. ಟನ್ನುಗಟ್ಟಲೆ ಬೀಜಕ್ಕೆ ಮದ್ದಾಗಿ ಅದನ್ನು ಕಾಡಿನಿಂದ ತರುವ ಮಾತೇ ಇಲ್ಲ. ಬೇಸಾಯ ಮಾಡಬೇಕು, ಇಲ್ಲವೇ ಆ ಅಣುವನ್ನಷ್ಟೇ ಬೇರೆ ದಾರಿಯಲ್ಲಿ ತಯಾರಿಸಬೇಕು.

ಸೊಪ್ಪಿನೊಳಗೆ ಏನಿದೆ?

ಗಿಡ ಓಡಿಹೋಗಲಾರದು. ಮಣ್ಣಿನ, ಗಾಳಿಯ ಶಿಲೀಂಧ್ರಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಮೈಯೊಳಗೇ ಮದ್ದು ತಯಾರಿಸಿಕೊಳ್ಳುತ್ತದೆ. ಗೊಬ್ಬಳಿ, ನೆಲ್ಲಿ, ನೇರಳೆ, ದಾಳಿಂಬೆ ಸಿಪ್ಪೆ ಇವೆಲ್ಲ ನಾಲಗೆಗೆ ಒಗರು, ಕಾರಣ ಟ್ಯಾನಿನ್. ಗೊಬ್ಬಳಿ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದದ್ದು ಟ್ಯಾನಿನ್ ಪ್ರೋಟೀನುಗಳಿಗೆ ಅಂಟಿ ಅವನ್ನು ಬಿಗಿಯುವುದರಿಂದ. ಬೂಷ್ಟು ಆಹಾರ ಜೀರ್ಣಿಸಲು ಹೊರಬಿಡುವ ಕಿಣ್ವಗಳೂ ಪ್ರೋಟೀನುಗಳೇ. ಅವು ಬಿಗಿದುಕೊಂಡರೆ ಬೂಷ್ಟು ಉಣ್ಣಲಾರದು.

ಓಮದ ಥೈಮಾಲ್, ಲವಂಗ–ತುಳಸಿಯ ಯೂಜಿನಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್ ಕೆಲಸ ಮಾಡುವ ರೀತಿ ಬೇರೆ. ಇವು ಆವಿಯಾಗುವ ತೈಲಗಳು. ಶಿಲೀಂಧ್ರದ ಕೋಶಪೊರೆಗೆ ನುಗ್ಗಿ ಅದನ್ನು ಸಡಿಲಿಸುತ್ತವೆ, ಒಳಗಿನ ಸತ್ವ ಸೋರಿಹೋಗುತ್ತದೆ. ಆ ಪೊರೆಯ ಮುಖ್ಯ ಅಂಗವಾದ ಎರ್ಗೊಸ್ಟೆರಾಲ್ ತಯಾರಿಗೂ ಅಡ್ಡಿ ಮಾಡುತ್ತವೆ. ಆವಿಯಾಗುವುದೇ ಇವುಗಳ ದೊಡ್ಡ ಗುಣ: ಬೀಜವನ್ನು ಒದ್ದೆ ಮಾಡದೆ ಮುಚ್ಚಿದ ಡಬ್ಬಿಯ ಮೂಲೆಮೂಲೆಗೂ ಹರಡುತ್ತವೆ. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಎನ್.ಕೆ. ದುಬೆ ಮತ್ತು ಅವರ ಸಹೋದ್ಯೋಗಿಗಳು ದೀರ್ಘಕಾಲ ಕೆಲಸ ಮಾಡಿದ್ದು ಇಂಥ ತೈಲಗಳ ಮೇಲೆ.

ಬೇವಿನದು ಇನ್ನೂ ವಿಚಿತ್ರ. 1988ರಲ್ಲಿ ಅಮೆರಿಕದ ದೀಪಕ್ ಭಟ್ನಾಗರ್ ಮತ್ತು ಮೆಕಾರ್ಮಿಕ್ ಅವರು ಬೇವಿನೆಲೆಯ ಸಾರವನ್ನು ಅಫ್ಲಾಟಾಕ್ಸಿನ್ ಹುಟ್ಟಿಸುವ ಆಸ್ಪರ್ಜಿಲಸ್ ಪ್ಯಾರಸಿಟಿಕಸ್‌ಗೆ ಹಾಕಿ ನೋಡಿದರು. ಬೂಷ್ಟು ಎಂದಿನಂತೆ ಬೆಳೆಯಿತು, ವಿಷದ ಉತ್ಪಾದನೆ ಮಾತ್ರ ಬಹುಪಾಲು ನಿಂತಿತು. ವಿಷ ತಯಾರಿಕೆ ಶುರುವಾದ ಮೇಲೆ ಸಾರ ಹಾಕಿದರೆ ಪ್ರಯೋಜನವಾಗಲಿಲ್ಲ. ಅಂದರೆ ಬೇವು ಉಣ್ಣುವ ಕಾಳಿನ ವಿಷಕ್ಕೆ ಕಡಿವಾಣ ಹಾಕಬಲ್ಲದು, ಆದರೆ ಬಿತ್ತನೆ ಬೀಜದ ಮೊಳಕೆಯನ್ನು ತಿನ್ನುವ ಬೂಷ್ಟನ್ನು ಅದು ನಿಲ್ಲಿಸುತ್ತದೆಂದು ನಂಬಿ ಕೂರುವಂತಿಲ್ಲ. ಒಂದೇ ಸೊಪ್ಪು ಎಲ್ಲಕ್ಕೂ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ತಟ್ಟೆಯಿಂದ ಚೀಲಕ್ಕೆ

ಗಾಜಿನ ತಟ್ಟೆಯಲ್ಲಿ ಗೆದ್ದ ಗಿಡಗಳ ಪಟ್ಟಿ ಉದ್ದವಿದೆ. ಉಗ್ರಾಣದಲ್ಲಿ ಗೆದ್ದವುಗಳ ಪಟ್ಟಿ ಬಹಳ ಗಿಡ್ಡ. ನಡುವೆ ಸೋಲುವುದು ಎಲ್ಲಿ?

ಮೊದಲ ಕಂದಕ ನೀರು. ಸೊಪ್ಪು ರುಬ್ಬಿ ಸೋಸಿದ ರಸದಲ್ಲಿ ಬೀಜ ಅದ್ದಿದರೆ ಮದ್ದಿನ ಜೊತೆ ತೇವವೂ ಒಳಸೇರುತ್ತದೆ. ಮತ್ತೆ ಶೇ 9ಕ್ಕೋ 12ಕ್ಕೋ ಒಣಗಿಸದೆ ಚೀಲ ಕಟ್ಟಿದರೆ ಉಪಚಾರವೇ ರೋಗ ತರುತ್ತದೆ. ಶೇಂಗಾದಂಥ ಬೀಜ ನೆಂದು ಒಣಗಿದರೆ ಸಿಪ್ಪೆ ಸುಲಿಯುತ್ತದೆ, ಬೇಳೆ ಬಿಡುತ್ತದೆ. ಒಣ ಪುಡಿ ಈ ತೊಂದರೆ ತಪ್ಪಿಸುತ್ತದೆ. ತಮಿಳುನಾಡಿನಲ್ಲಿ ತಲೆ ತೊಳೆಯಲು ಬಳಸುವ ಅರಪ್ಪು ಎಂಬ ಸೊಪ್ಪಿನ ಪುಡಿಯನ್ನು ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯ ಬ್ಲೀಚಿಂಗ್ ಪುಡಿ ಮತ್ತು ಸೀಮೆಸುಣ್ಣದ ಪುಡಿಯ ಜೊತೆ ಬೆರೆಸಿ ಒಣ ಬೀಜೋಪಚಾರಕ್ಕೆ ಶಿಫಾರಸು ಮಾಡಿದ್ದು ಈ ದಾರಿಯಲ್ಲೇ.

ಎರಡನೆಯದು ಮೊಳಕೆ. ಬೂಷ್ಟಿನ ಜೀವಕೋಶಕ್ಕೆ ನೋವು ಕೊಡುವ ವಸ್ತು ಬೀಜದ ಜೀವಕೋಶವನ್ನು ಬಿಡುತ್ತದೆಂದು ಖಾತ್ರಿ ಇಲ್ಲ. ಕ್ಯಾರವೇ ಎಂಬ ಜೀರಿಗೆ ಜಾತಿಯ ಬೀಜದಲ್ಲಿರುವ ಕಾರ್ವೋನ್ ತೈಲವನ್ನು ನೆದರ್ಲೆಂಡ್ಸ್‌ನಲ್ಲಿ ಆಲೂಗಡ್ಡೆ ಮೊಳೆಯದಂತೆ ತಡೆಯಲೆಂದೇ ಮಾರುತ್ತಿದ್ದರು. ನೀಲಗಿರಿ ಸೊಪ್ಪಿನ ಸಾರ ಬೇರೆ ಗಿಡಗಳ ಮೊಳಕೆ ಕುಗ್ಗಿಸುವುದೂ ಗೊತ್ತಿರುವ ಸಂಗತಿ. ಉಣ್ಣುವ ಕಾಳಿಗೆ ಇದು ಸಮಸ್ಯೆಯೇ ಅಲ್ಲ. ಬಿತ್ತನೆ ಬೀಜಕ್ಕೆ ಇದೇ ಮುಖ್ಯ ಪ್ರಶ್ನೆ. ಬೂಷ್ಟು ತಡೆಯಲು ಎಷ್ಟು ಬೇಕು, ಮೊಳಕೆ ಕೆಡಿಸಲು ಎಷ್ಟು ಸಾಕು ಎಂಬ ಎರಡು ಪ್ರಮಾಣಗಳ ನಡುವೆ ಒಳ್ಳೆಯ ಅಂತರವಿದ್ದರೆ ಮಾತ್ರ ಅದು ಮದ್ದು.

ಮೂರನೆಯದು ಬಾಳಿಕೆ. ಆವಿಯಾಗುವ ತೈಲ ಗೋಣಿಚೀಲದಲ್ಲಿ ಬೇಗನೆ ಹಾರಿಹೋಗುತ್ತದೆ. ಬೆಳ್ಳುಳ್ಳಿಯ ಅಲಿಸಿನ್ ಜಜ್ಜಿದಾಗಷ್ಟೇ ಹುಟ್ಟಿ ಬೇಗನೆ ಒಡೆಯುತ್ತದೆ. ಸಿಗಡಿ, ಏಡಿ ಚಿಪ್ಪಿನಿಂದ ತೆಗೆದ ಕೈಟೋಸಾನ್‌ನ ಸೂಕ್ಷ್ಮ ಗುಳಿಗೆಗಳಲ್ಲಿ ತೈಲವನ್ನು ಅಡಗಿಸಿ ಮೆಲ್ಲಗೆ ಹೊರಬಿಡುವ ಪ್ರಯತ್ನಗಳು ನಡೆಯುತ್ತಿರುವುದು ಇದಕ್ಕೇ. ಅದಕ್ಕಿಂತ ಸರಳ ದಾರಿ ಗಾಳಿಯಾಡದ ಡಬ್ಬಿ ಅಥವಾ ಪದರದ ಚೀಲ. ಆದರೆ ಗಾಳಿಯಾಡದ ಚೀಲಕ್ಕೆ ಬೀಜ ಇನ್ನಷ್ಟು ಒಣಗಿರಬೇಕು. ಭತ್ತಕ್ಕೆ ನಿಯಮ ಹೇಳುವುದು ಶೇ 8.

ನಾಲ್ಕನೆಯದು ಏರುಪೇರು. ಮಳೆಗಾಲದ ತುಳಸಿಗೂ ಬೇಸಿಗೆಯ ತುಳಸಿಗೂ, ಒಂದು ಊರಿನದಕ್ಕೂ ಇನ್ನೊಂದು ಊರಿನದಕ್ಕೂ ತೈಲದ ಪ್ರಮಾಣ ಬೇರೆ. ಒಂದು ಹಿಡಿ ಸೊಪ್ಪು ಎಂಬ ಅಳತೆಯಲ್ಲಿ ಎಷ್ಟು ಮದ್ದಿದೆ ಎಂದು ಯಾರೂ ಹೇಳಲಾರರು.

ಕೊನೆಯದು ನಂಬಿಕೆ. ಸಸ್ಯಮೂಲ ಎಂದ ಮಾತ್ರಕ್ಕೆ ನಿರಪಾಯ ಎಂದು ಭಾವಿಸುವವರು ಮೈಸೂರಿನ ಪಟ್ಟಿಯಲ್ಲಿ ದತ್ತೂರಿಯೂ ಇತ್ತೆಂಬುದನ್ನು ನೆನೆಯಬೇಕು. ಕಾಳು ಕಾಯಲು ಹಾಕುವ ಬಜೆಯಲ್ಲಿರುವ ಬೀಟಾ ಅಸರೋನ್ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಅಫ್ಲಾಟಾಕ್ಸಿನ್‌ಗಿಂತ ನೈಸರ್ಗಿಕ ವಸ್ತು ಬೇಕೇ? ಮಿಕ್ಕ ಬೀಜ ಊಟಕ್ಕೆ ಹೋಗಬಹುದಾದ ಮನೆಯಲ್ಲಿ ನಾವು ಈಗಾಗಲೇ ತಿನ್ನುತ್ತಿರುವ ಓಮ, ಲವಂಗ, ನೆಲ್ಲಿ, ದಾಳಿಂಬೆಯಂಥವುಗಳಿಂದ ಶುರು ಮಾಡುವುದು ಲೇಸು.

ಈಗ ಏನು ಮಾಡಬಹುದು

ಒಣಗಿಸುವುದು ಮೊದಲು. ಶೇಂಗಾವನ್ನು ಕಾದ ಸಿಮೆಂಟಿನ ಕಣದಲ್ಲಿ ನಡುಹಗಲು ಹರಡುವುದಕ್ಕಿಂತ ಗಾಳಿಯಾಡುವ ಹದ ಬಿಸಿಲಿನಲ್ಲಿ ಒಣಗಿಸಬೇಕು. ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಭತ್ತ, ಜೋಳದಂಥ ಕಾಳಿಗೆ ಉಪ್ಪಿನ ಪರೀಕ್ಷೆ ಇದೆ: ಒಣ ಗಾಜಿನ ಸೀಸೆಗೆ ಒಣಗಿದ ಉಪ್ಪು, ಕಾಳು ಹಾಕಿ ಕುಲುಕಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ 15ಕ್ಕಿಂತ ಹೆಚ್ಚು. ಅಂಟದಿದ್ದರೂ ಅಲ್ಲಿಗೇ ನಿಲ್ಲಿಸದೆ ಇನ್ನೊಂದೆರಡು ಬಿಸಿಲು ತೋರಿಸಬೇಕು.

ಎರಡನೆಯದು ಆರಿಸುವುದು. ಒಡೆದ, ಸುಕ್ಕಾದ, ಬಣ್ಣ ಕೆಟ್ಟ ಕಾಳು ಬೂಷ್ಟಿನ ತವರು. ಶೇಂಗಾವನ್ನು ಕಾಯಿಯಾಗಿಯೇ ಇಟ್ಟು ಬಿತ್ತುವ ಮುನ್ನ ಸುಲಿಯಬೇಕು; ಆ ಸಿಪ್ಪೆಯೇ ಮೊದಲ ಕವಚ. ಬೆಳೆಯ ಕೊನೆಯ ಹಂತದಲ್ಲಿ ಬರಕ್ಕೆ ಸಿಕ್ಕ ಶೇಂಗಾಕ್ಕೆ ಫ್ಲೇವಸ್ ಮಣ್ಣಿನಲ್ಲಿರುವಾಗಲೇ ಹೊಕ್ಕಿರಬಹುದು. ಆಗಲೇ ಹುಟ್ಟಿದ ವಿಷವನ್ನು ಯಾವ ಸೊಪ್ಪಿನ ಸಾರವೂ ತೆಗೆಯುವುದಿಲ್ಲ.

ಸೊಪ್ಪಿನ ಸರದಿ ಇದಾದ ಮೇಲೆ. ನೆರಳಲ್ಲಿ ಗರಿಗರಿಯಾಗುವಂತೆ ಒಣಗಿಸಿ ಪುಡಿ ಮಾಡಿದ್ದನ್ನೇ ಬಳಸಬೇಕು. ಮೊದಲ ವರ್ಷವೇ ಪೂರ್ತಿ ಬೀಜಕ್ಕೆ ಹಾಕುವ ಸಾಹಸ ಬೇಡ. ಒಂದೇ ರಾಶಿಯ ಬೀಜವನ್ನು ಎರಡು ಪಾಲು ಮಾಡಿ, ಒಂದಕ್ಕೆ ಪುಡಿ ಬೆರೆಸಿ ಇನ್ನೊಂದನ್ನು ಹಾಗೇ ಇಟ್ಟು, ಎರಡು ತಿಂಗಳಿಗೊಮ್ಮೆ ಪ್ರತಿ ಪಾಲಿನಿಂದ ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಒಂದು ವಾರದಲ್ಲಿ ಉತ್ತರ ಕಣ್ಣೆದುರು ಇರುತ್ತದೆ. ಪ್ರಮಾಣಿತ ಶೇಂಗಾ ಬೀಜಕ್ಕೆ ನಿಯಮ ಕೇಳುವುದು ನೂರಕ್ಕೆ ಕನಿಷ್ಠ 70 ಮೊಳಕೆ, ಭತ್ತಕ್ಕೆ 80. ಪುಡಿ ಬೆರೆಸಿದ ಪಾಲು ಬೆರೆಸದ ಪಾಲಿಗಿಂತ ಹಿಂದೆ ಬಿದ್ದರೆ ಆ ಸೊಪ್ಪು ಆ ಬೀಜಕ್ಕೆ ಹೊಂದಿಲ್ಲ ಎಂದೇ ಅರ್ಥ.

ಸಂಶೋಧಕರಿಗೂ ಇದೇ ಅಳತೆಗೋಲು ಅನ್ವಯಿಸಬೇಕು. ಬೀಜಾರೋಗ್ಯದ ಅಂತರರಾಷ್ಟ್ರೀಯ ಪರೀಕ್ಷೆಗಳಲ್ಲಿ 400 ಬೀಜಗಳನ್ನು ಒದ್ದೆ ಕಾಗದದ ಮೇಲಿಟ್ಟು ಪ್ರತಿಯೊಂದನ್ನೂ ಸೂಕ್ಷ್ಮದರ್ಶಕದಡಿ ನೋಡುವ ಶಿಸ್ತು ಆಗಲೇ ಇದೆ. ಗಿಡದ ಸಾರದ ಮೇಲಿನ ಪ್ರತಿ ಪ್ರಬಂಧವೂ ತಟ್ಟೆಯಲ್ಲಿ ಬೂಷ್ಟು ಎಷ್ಟು ಮಿಲಿಮೀಟರ್ ಹಿಂದೆ ಸರಿಯಿತು ಎನ್ನುವುದರ ಜೊತೆಗೆ ಮೂರು ಸಂಖ್ಯೆ ಕೊಡಲಿ: ಕಿಲೋ ಬೀಜಕ್ಕೆ ಎಷ್ಟು ಗ್ರಾಂ ಹಾಕಿದರು, ಹಾಕಿದ ಮೇಲೆ ಬೀಜದ ತೇವಾಂಶ ಎಷ್ಟಿತ್ತು, ರೈತನ ಚೀಲದಲ್ಲಿ ಒಂದು ಮಳೆಗಾಲ ಕಳೆದ ಮೇಲೆ ನೂರಕ್ಕೆ ಎಷ್ಟು ಮೊಳೆಯಿತು. ಈ ಮೂರು ಉತ್ತರ ಸಿಕ್ಕ ದಿನ ಬಳ್ಳಾರಿ ಜಾಲಿಯ ಸೊಪ್ಪಿಗೂ ಅಂಗಡಿಯಲ್ಲಿ ಬೆಲೆ ಬರುತ್ತದೆ.